ಹೇಂಟೆ ಯಾವುದು, ಹುಂಜ ಯಾವುದು

ದ್ಯಾವಕ್ಕನಿಗೆ ಹಿತ್ತಿಲಲ್ಲಿ ಕೋಳಿ ಸಾಕುವ ಆಸೆ. ಕೋಳಿಯಿಲ್ಲ. ಪಟೇಲರ ಮನೆಯಿಂದ ಕಾವಿಗೆ ಬಂದ ಕೋಳಿಯನ್ನೂ ಮೊಟ್ಟೆಗಳನ್ನೂ ಪಾಲಿಗೆ ತಂದಳು. ಮರಿ ಸಣ್ಣವಿರುವಾಗಲೇ ಅರ್ಧರ್ಧ ಹಂಚಿಕೊಳ್ಳುವುದು ಊರ ಪದ್ಧತಿ.

ಹತ್ತು ಮರಿಗಳಾದವು. ಪಟೇಲರು ಬಂದು ಕೊಡೆಯ ತುದಿಯಿಂದ ಬುಟ್ಟಿ ತಟ್ಟಿದರು.

"ಹೇಂಟೆಯೆಲ್ಲ ನನಗೆ, ಹುಂಜ ನಿನಗೆ."

ಹೇಂಟೆ ಹೋದರೆ ಮೊಟ್ಟೆ ಎಲ್ಲಿಂದ? ಆದರೂ ದ್ಯಾವಕ್ಕ ವಾದಿಸಲಿಲ್ಲ.

"ಆಗಲಿ ಧಣಿ, ನಿಮ್ಮವನ್ನ ಆರಿಸ್ಕೊಳ್ಳಿ."

ಪಟೇಲರು ಒಂದು ಮರಿಯನ್ನೆತ್ತಿ ಹಿಂದೆ ಮುಂದೆ ನೋಡಿದರು. ಇನ್ನೊಂದನ್ನೆತ್ತಿದರು. ಎಲ್ಲವೂ ಒಂದೇ ಥರ ಚಿಂವ್ ಅಂದವು.

"ದೊಡ್ಡವಾಗ್ಲಿ, ಗೊತ್ತಾಗುತ್ತೆ."

"ಅಲ್ಲಿತನಕ ಹದ್ದು ಒಯ್ದದ್ದೆಲ್ಲ ಹೇಂಟೆ ಅಂತ ನಾನಂದ್ರೆ, ಅಲ್ಲ ಅನ್ನೋರು ಯಾರು?"

ಪಟೇಲರು ಕೈಯಲ್ಲಿದ್ದ ಮರಿಯನ್ನು ಬುಟ್ಟಿಗೆ ಬಿಟ್ಟರು. "ಅರ್ಧರ್ಧವೇ ಇರ್ಲಿ," ಎಂದರು.

"ಅದಕ್ಕೇ ಧಣಿ, ಹಿರೀಕರು ಮರಿಯಲ್ಲೇ ಹಂಚ್ಕೊಳ್ಳಿ ಅಂದದ್ದು. ಆಸೆಗೆ ಕಣ್ಣು ಬರೋಕೆ ಮುಂಚೆ."