ಒಡ್ಡಿನ ಬುಡದಲ್ಲಿ ಊಟ

ಇದನ್ನು ನನಗೆ ಮೊದಲು ಹೇಳಿದ್ದು ನಮ್ಮ ಹಾಸ್ಟೆಲಿನ ಅಡುಗೆಯ ತಿಮ್ಮಕ್ಕ.

ಅವರೂರಿನ ಹಳ್ಳದ ಪ್ರವಾಹ ನಾಲ್ಕು ಮನೆಗಳನ್ನೂ ನೀರು ಬಿಡುವ, ಕಾಯುವ ಕೆಲಸದ ನೀರಗಂಟಿ ಮುನಿಯಲ್ಲಪ್ಪನ ತಮ್ಮನನ್ನೂ ಕೊಚ್ಚಿಕೊಂಡು ಹೋಗಿತ್ತು. ಆಮೇಲೆ ಊರ ಮೇಲ್ಗಡೆ ಮಣ್ಣಿನ ಒಡ್ಡು ಬಂತು. ಮೊದಲ ಮಳೆಗೇ ಅದರ ಬುಡ ಜಿನುಗತೊಡಗಿತು. ಒಡೆದರೆ ಊರು ಉಳಿಯುವುದಿಲ್ಲವೆಂದು ಮುನಿಯಲ್ಲಪ್ಪನಿಗೆ ಗೊತ್ತು. ಅದನ್ನು ಕಟ್ಟಿಸಿದ ಇಂಜಿನಿಯರ್ ಸಾಹೇಬರು ಮಾತ್ರ ಒಡ್ಡಿನ ಪೂಜೆಯ ದಿನ ಕಾಗದ ಹಿಡಿದು ಬಂದರು.

“ಒಡ್ಡು ಎಲ್ಲೂ ಜಿನುಗುತ್ತಿಲ್ಲ ಅಂತ ರುಜು ಹಾಕು. ಇಲ್ಲ, ಕೆಲಸ ಬಿಡು.”

“ಹಾಕ್ತೀನಿ ಸ್ವಾಮಿ. ಮೊದಲು ಊಟ ಆಗಲಿ. ಒಡ್ಡು ಕಟ್ಟಿಸಿದವರು ಅದರ ಬುಡದಲ್ಲೇ ಕೂತು ಉಣ್ಣಬೇಕು, ನಮ್ಮೂರ ಪದ್ಧತಿ.”

ಆ ಪದ್ಧತಿ ಹುಟ್ಟಿದ್ದೇ ಆಗ. ಜಮಖಾನೆ ಹಾಸಿ, ಎಲೆ ಹಾಕಿ, ಒಂದೊಂದಾಗಿ ನಿಧಾನಕ್ಕೆ ಬಡಿಸಿದ. ಮಜ್ಜಿಗೆ ಬರುವ ಹೊತ್ತಿಗೆ ಸಾಹೇಬರು ಕೂತಲ್ಲೇ ಮಿಸುಕತೊಡಗಿದರು. ಎದ್ದಾಗ ಬಿಳಿ ಪ್ಯಾಂಟಿನ ಹಿಂಭಾಗವೆಲ್ಲ ತೊಯ್ದಿತ್ತು. ಹೆಂಗಸರು ಬಾಯಿಗೆ ಸೆರಗಿಟ್ಟರು.

ಮುನಿಯಲ್ಲಪ್ಪನೊಬ್ಬನೇ ನಗಲಿಲ್ಲ. ಪೆನ್ನು ತೆರೆದು ಕೇಳಿದ: “ಒಡ್ಡು ಜಿನುಗುತ್ತಿಲ್ಲ ಅಂತ ಬರೀತೀನಿ ಸ್ವಾಮಿ. ಹಾಗಾದರೆ ಈ ಒದ್ದೆ ಯಾರದು ಅಂತ ಜನ ಕೇಳಿದರೆ ಏನು ಹೇಳಲಿ?”

ಸಾಹೇಬರು ಕಾಗದ ಕಿತ್ತುಕೊಂಡರು. ತೂಬು ತೆಗೆದು ನೀರು ಬಿಡಿ, ಒಡ್ಡು ರಿಪೇರಿ ಮಾಡಿ ಎಂದು ನಿಂತಲ್ಲೇ ಆದೇಶ ಬರೆದರು. ಅವರು ಹೋದ ಮೇಲೆ ಮುನಿಯಲ್ಲಪ್ಪ ತಮ್ಮನ ಹೆಸರಿನಲ್ಲಿ ಒಂದು ತುತ್ತು ಅನ್ನ ಹಳ್ಳಕ್ಕೆ ಬಿಟ್ಟ.

ಒಡ್ಡಿನ ಕೆಳಗೆ ಮನೆ ಮಾಡಿಕೊಂಡಿರುವವರು ಯಾರಾದರೂ ಸಿಕ್ಕರೆ, ಅವರಿಗೂ ಇದನ್ನು ಹೇಳಿ.