ಹತ್ತು ಜನರ ಲೆಕ್ಕ

ತ್ರೈರಾಶಿ ಲೆಕ್ಕ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಒಬ್ಬ ಮಾಡುವ ಕೆಲಸಕ್ಕೆ ಹತ್ತು ಜನ ಸೇರಿದರೆ ಹತ್ತರಲ್ಲಿ ಒಂದು ಪಾಲು ಹೊತ್ತು ಸಾಕು. ಈ ಲೆಕ್ಕ ಎಂದಾದರೂ ತಪ್ಪುವುದುಂಟೇ?"

ಗುರುಗಳು ಈ ಕತೆ ಹೇಳಿದರು.

ಇಬ್ಬರು ಅಣ್ಣತಮ್ಮಂದಿರು ಬಾವಿ ತೋಡಿ ಬದುಕುತ್ತಿದ್ದರು. ತಮ್ಮ ಒಳಗಿಳಿದು ಅಗೆಯುತ್ತಿದ್ದ, ಅಣ್ಣ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದ. ಅಣ್ಣ ಚಿಕ್ಕಂದಿನಲ್ಲಿ ಲೆಕ್ಕ ಕಲಿತವನು. ಇಷ್ಟು ಆಳಕ್ಕೆ ಇಷ್ಟು ದಿನ ಎಂದು ಅವನು ಹೇಳಿದರೆ ಹಾಗೆಯೇ ಆಗುತ್ತಿತ್ತು.

ಊರಿನಿಂದ ದೂರದ ಹೊಲವೊಂದರಲ್ಲಿ ತೋಡುತ್ತಿದ್ದಾಗ, ಬೆಳಿಗ್ಗೆ ಬಾವಿಯ ಒಂದು ಬದಿ ಕುಸಿಯಿತು. ತಮ್ಮ ತಳದ ಬಂಡೆಯ ಸಂದಿಗೆ ಸರಿದು ಉಳಿದುಕೊಂಡ. ಆದರೆ ಮೇಲೆಲ್ಲ ಮಣ್ಣು ಮುಚ್ಚಿತು. ಅಣ್ಣ ಹಗ್ಗ ಹಿಡಿದು ಇಳಿದು ಮಣ್ಣಿಗೆ ಕಿವಿಯಿಟ್ಟ. ಪೆಟ್ಟಾಗಿಲ್ಲ, ಉಸಿರಾಡುತ್ತಿದ್ದೇನೆ ಎಂದು ತಮ್ಮ ಒಳಗಿನಿಂದ ಕೂಗಿದ.

ತಾನೊಬ್ಬನೇ ಅಗೆದರೆ ಮಧ್ಯಾಹ್ನವಾಗುತ್ತದೆ ಎಂದು ಅಣ್ಣ ಅಂದಾಜು ಮಾಡಿದ. ಅಷ್ಟು ಹೊತ್ತು ತಮ್ಮನನ್ನು ಆ ಕತ್ತಲಲ್ಲಿ ಬಿಡಲು ಅವನ ಕರುಳು ಒಪ್ಪಲಿಲ್ಲ. ಹತ್ತು ಜನರಾದರೆ ಗಳಿಗೆಯ ಕೆಲಸ. ಆ ಗಾಬರಿಯಲ್ಲಿ ಅವನಿಗೆ ಕಂಡದ್ದು ಮಣ್ಣಿನ ಆಳ ಮಾತ್ರ.

"ಜನರನ್ನು ಕರೆದುಕೊಂಡು ಬರುತ್ತೇನೆ" ಎಂದ.

"ಹೋಗಬೇಡ ಅಣ್ಣ. ನೀನೇ ಅಗೆ."

ಅಣ್ಣ ಹತ್ತಿ ಓಡಿದ. ಎಲ್ಲರೂ ಹೊಲಗಳಿಗೆ ಹೋಗಿದ್ದರಿಂದ ಊರು ಬರಿದಾಗಿತ್ತು. ಬದುಗಳನ್ನು ದಾಟುತ್ತ, ಒಬ್ಬೊಬ್ಬರನ್ನೇ ಬೇಡಿಕೊಂಡು, ತಾನೂ ಸೇರಿ ಹತ್ತು ಜನರಾಗುವಷ್ಟು ಕೂಡಿಸಿದ. ಬಾವಿಗೆ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ತಮ್ಮನ ದನಿ ಇನ್ನೂ ಬರುತ್ತಿತ್ತು.

ಎಲ್ಲರೂ ಬಾವಿಯೊಳಗೆ ಬಗ್ಗಿ ನೋಡಿದರು. ತಳದಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂತು ಅಗೆಯುವಷ್ಟೇ ಜಾಗವಿತ್ತು.

ಅಣ್ಣ ಇಳಿದ. ಉಳಿದವರು ದಂಡೆಯ ಮೇಲೆ ಗುದ್ದಲಿ ಹಿಡಿದು ನಿಂತರು. ಅವನ ಅಂಗೈ ಒಡೆದು ರಕ್ತ ಸುರಿಯಿತು. ಮೇಲೆ ಬಾ, ನಮ್ಮಲ್ಲೊಬ್ಬ ಇಳಿಯುತ್ತಾನೆ ಎಂದು ಅವರೆಷ್ಟು ಹೇಳಿದರೂ ಬಿಡಲಿಲ್ಲ. ತಮ್ಮನ ದನಿ ಸಣ್ಣಗಾಗುತ್ತ ಬಂತು. ಹೊತ್ತು ವಾಲಿದಾಗ ನಿಂತೇ ಹೋಯಿತು. ಅದಾದ ಸ್ವಲ್ಪದರಲ್ಲೇ ಅಣ್ಣನ ಕೈಗೆ ತಮ್ಮನ ಭುಜ ಸಿಕ್ಕಿತು. ಮೈ ಇನ್ನೂ ಬೆಚ್ಚಗಿತ್ತು.

ಅವನನ್ನು ಮಡಿಲಿಗೆ ಹಾಕಿಕೊಂಡು ಅಣ್ಣ ಅಲ್ಲೇ ಕುಳಿತ. ಮೇಲಿನವರು ಹಗ್ಗ ಬಿಟ್ಟು ಕರೆದರು. ಅವನು ತಲೆಯೆತ್ತಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಆ ತಮ್ಮನನ್ನು ಉಳಿಸಲು ಹಾಗಾದರೆ ಎಷ್ಟು ಜನ ಬೇಕಿತ್ತು ಎಂದು ಕೇಳಿದ.

"ಒಬ್ಬ ಸಾಕಿತ್ತು" ಎಂದರು ಗುರುಗಳು. "ಅವನು ಜನರನ್ನು ಕರೆತರಲು ಹೋಗಿದ್ದ."