ಒಲ್ಲೆ ಎಂದ ಪೈಲ್ವಾನ

‘ಅಷ್ಟು ಗೆದ್ದವರು ಇಷ್ಟು ಬಡವರಾದದ್ದು ಹೇಗೆ, ಅಜ್ಜಾರೇ?’ ಎಂದು ಗದಿಗಯ್ಯ ಕೇಳಿದ.

ಮಠದ ದಾಸೋಹ ಮುಗಿದಿತ್ತು. ಗುರುಗಳೂ ಶಿಷ್ಯನೂ ಅಡುಗೆಮನೆಯ ಜಗಲಿಯಲ್ಲಿ ಕೂತು ನಾಳೆಯ ಬೇಳೆಯನ್ನು ಮೊರದಲ್ಲಿ ಹಸನು ಮಾಡುತ್ತಿದ್ದರು. ಆ ದಿನ ಪಂಕ್ತಿಯ ಕೊನೆಯಲ್ಲಿ ಹಳೆಯ ಪೈಲ್ವಾನರೊಬ್ಬರು ಬಂದು ಕೂತಿದ್ದರು. ಒಂದು ಕಾಲದಲ್ಲಿ ಅವರ ಕುಸ್ತಿ ಇದೆಯೆಂದರೆ ಸುತ್ತಲಿನ ಹಳ್ಳಿಗಳವರು ಮನೆಗೆ ಬೀಗ ಹಾಕಿಕೊಂಡು ನೋಡಲು ಹೋಗುತ್ತಿದ್ದರು. ಈಗ ಅವರು ಉಣ್ಣಲು ಮಠಕ್ಕೆ ಬಂದಿದ್ದರು.

‘ನಾನೇ ಬಡಿಸಿದೆ,’ ಎಂದ ಗದಿಗಯ್ಯ. ‘ಕುಸ್ತಿಯಲ್ಲಿ ಮುರುಟಿದ ಕಿವಿ ನೋಡಿಯೇ ಗುರುತು ಹಿಡಿದೆ. ಒಂದು ರೊಟ್ಟಿಗೇ ಸಾಕು ಅಂತ ತಾಟಿನ ಮೇಲೆ ಕೈ ಅಡ್ಡ ಹಿಡಿದರು. ನಾನು ಬಿಡುತ್ತೇನೆಯೇ? ಪೈಲ್ವಾನರಿಗೆ ಒಂದು ರೊಟ್ಟಿ ಹೊಟ್ಟೆಯ ಯಾವ ಮೂಲೆಗೆ ಸಾಲುತ್ತದೆ ಅಂತ ಮೇಲಿಂದ ಮೇಲೆ ಹಾಕಿದೆ. ಎಲ್ಲವನ್ನೂ ಉಂಡರು. ಆಮೇಲೆ ಬಹಳ ಹೊತ್ತು ಗೋಡೆಗೆ ಒರಗಿ ಕೂತಿದ್ದರು. ಎಷ್ಟು ದಿನದ ಹಸಿವೋ, ಪಾಪ. ಕುಡಿತ ಇತ್ತೋ ಏನೋ. ಇಲ್ಲವೇ ಇಸ್ಪೀಟು.’

ಗುರುಗಳು ಬೇಳೆಯೊಳಗಿನ ಒಂದು ಹರಳನ್ನು ಆರಿಸಿ ಎಸೆದರು.

‘ಮನುಷ್ಯ ಕೆಡುವುದಕ್ಕೆ ನಿನಗೆ ಈ ಎರಡೇ ದಾರಿ ಗೊತ್ತು. ಪುಣ್ಯವಂತ,’ ಎಂದರು. ‘ಇನ್ನೊಂದು ದಾರಿ ಹೇಳುತ್ತೇನೆ, ಕೇಳು. ಕೈ ಮಾತ್ರ ನಿಲ್ಲಿಸಬೇಡ. ಕತೆ ಕೇಳಿಸಿಕೊಂಡು ಬೇಳೆ ತಾನಾಗಿ ಹಸನಾಗುವುದಿಲ್ಲ.’

ಹೀಗೆಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಹಾಲುಹಲ್ಲು ಬೀಳುವ ಮೊದಲೇ ಗರಡಿ ಮನೆ ಸೇರಿದವನು. ಅವನ ಉಸ್ತಾದ ಅವನಿಗೆ ನೂರು ಪಟ್ಟು ಕಲಿಸಿದ. ಆದರೆ ಪಟ್ಟು ಕಲಿಸುವ ಮೊದಲು ಒಂದು ನಿಯಮ ಹೇಳಿಕೊಟ್ಟ. ಕಣದಲ್ಲಿ ತೊಡೆ ತಟ್ಟಿ ಕರೆದವನಿಗೆ ಒಲ್ಲೆ ಎನ್ನಬಾರದು. ಎದುರಿಗಿರುವವನು ಬೆಟ್ಟದಂತಿರಲಿ, ನಿನಗೆ ಮೈಯಲ್ಲಿ ಜ್ವರವಿರಲಿ, ಇಳಿಯಬೇಕು. ಹುಡುಗ ಆ ಮಾತನ್ನು ಮೈಗೆ ಮಣ್ಣು ಹಚ್ಚಿಕೊಂಡಂತೆ ಹಚ್ಚಿಕೊಂಡ. ಒಲ್ಲೆ ಎನ್ನುವ ಮಾತು ಅವನ ಬಾಯಿಗೆ ಬರಲೇ ಇಲ್ಲ.

ಅವನು ಗೆಲ್ಲುತ್ತಿದ್ದ. ಬೆಳ್ಳಿ ಕಡಗ ಬಂತು, ರುಮಾಲು ಬಂತು, ರೊಕ್ಕ ಬಂತು. ಎರಡು ಒಳ್ಳೆಯ ಎಮ್ಮೆ ಬಂದವು, ಅವನು ಹಾಲು ಕುಡಿದು ಇನ್ನೂ ಗೆಲ್ಲಲಿ ಎಂದು. ಗೆದ್ದವನ ಹಿಂದೆ ಮಂದಿ ಇರುವುದು ಲೋಕದ ರೂಢಿ. ಯಾವ ಊರಿನ ಕುಸ್ತಿಗೆ ಹೋದರೂ ಗೆಳೆಯರ ದಂಡು ಜೊತೆಗೆ ಹೋಗುತ್ತಿತ್ತು. ಅವರ ಊಟ, ಅವರ ಗಾಡಿ, ಅವರ ಎಲೆ ಅಡಿಕೆ, ಎಲ್ಲ ಇವನದೇ. ಬಂದದ್ದು ಬಂದ ಹಾಗೆ ಹೋಗುತ್ತಿತ್ತು. ಅದರಲ್ಲಿ ಅವನಿಗೂ ಸಂತೋಷವಿತ್ತು, ಸುಳ್ಳೇಕೆ ಹೇಳಲಿ.

ಒಂದು ವರ್ಷ ಮೊಣಕಾಲು ಹೋಯಿತು. ನಾಟಿ ವೈದ್ಯ ತೈಲ ತಿಕ್ಕಿದ, ಕಟ್ಟು ಕಟ್ಟಿದ, ಕೊನೆಗೆ ಕೈ ಚೆಲ್ಲಿದ. ಪೈಲ್ವಾನ ತನ್ನ ಲಂಗೋಟಿಯನ್ನು ಒಗೆದು, ಗರಡಿ ಮನೆಯ ಹನುಮಪ್ಪನ ಮುಂದೆ ಇಟ್ಟು ಕೈ ಮುಗಿದ. ಬೇರೆಯವರು ನಾಲ್ಕು ಕಾಸು ಕೂಡಿಡಲು ತೊಡಗುವ ವಯಸ್ಸು ಅದು. ಆ ವಯಸ್ಸಿಗೆ ಇವನ ಗಳಿಕೆ ಮುಗಿದಿತ್ತು.

ಉಸ್ತಾದ ಅವನನ್ನು ಕರೆದು ಹೇಳಿದ. ‘ಇನ್ನು ಖುರಾಕು ಇಳಿಸಪ್ಪಾ. ಸಾಮು ಬಿಟ್ಟ ಮೈಗೆ ಹಳೆಯ ಊಟ ಹಾಕಿದರ, ಊಟನ ಮೈಯನ್ನ ತಿಂತದ.’

ಪೈಲ್ವಾನ ಆ ಮಾತನ್ನೂ ಪಾಲಿಸಿದ. ಬಾದಾಮಿ ಬಿಟ್ಟ. ತುಪ್ಪ ಬಿಟ್ಟ. ಚರಿಗೆಗಟ್ಟಲೆ ಕುಡಿಯುತ್ತಿದ್ದ ಹಾಲನ್ನು ಒಂದು ಬಟ್ಟಲಿಗೆ ಇಳಿಸಿದ. ಹತ್ತು ರೊಟ್ಟಿ ಇದ್ದದ್ದು ಒಂದಕ್ಕೆ ಬಂದು ನಿಂತಿತು. ಹಸಿದ ಮೈಯನ್ನು ಹಿಡಿದು ಕೂರಿಸುವುದು ಸಣ್ಣ ಕೆಲಸವಲ್ಲ, ಗದಿಗಯ್ಯಾ. ಶಿವರಾತ್ರಿಯ ಉಪವಾಸದ ದಿನ ನೀನು ಎಷ್ಟು ಸಲ ಅಡುಗೆಮನೆಗೆ ಇಣುಕುತ್ತೀ ಎಂಬುದು ನನಗೆ ಗೊತ್ತಿದೆ.

ಅವನ ಹೆಂಡತಿ ಹಿಗ್ಗಿದಳು. ಗಂಡ ಕುಡಿಯುತ್ತಿದ್ದ ಹಾಲು ಈಗ ಮನೆಯಲ್ಲಿ ಉಳಿಯುತ್ತಿತ್ತು. ಎರಡು ಎಮ್ಮೆಯ ಹಾಲನ್ನು ದಿನವೂ ಹತ್ತು ಮನೆಗೆ ಹಾಕಿದರೆ ಇಬ್ಬರ ಬಾಳು ಯಾರ ಹಂಗೂ ಇಲ್ಲದೆ ನಡೆಯುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಪೈಲ್ವಾನ ಹಾಲಿನ ಕ್ಯಾನು ಹಿಡಿದು ಹೊರಟ.

ಮೊದಲ ಮನೆಯ ಯಜಮಾನ ಅವನನ್ನು ಕಂಡು ಎದ್ದು ನಿಂತ. ಅವನ ಕಣ್ಣಲ್ಲಿ ನೀರು ಬಂತು.

‘ಪೈಲ್ವಾನ್ರ, ನೀವು ಹಾಲು ಹೊತ್ತು ಮಾರೋದಂದ್ರ ಏನು? ನಿಮ್ಮ ಬಾಯಿಗೆ ಹೋಗೋ ಹಾಲು ನಾವು ಕುಡೀಬೇಕಾ? ಊರಿನ ಮರ್ಯಾದಿ ಏನಾಗಬೇಕು?’

ಹೀಗೆಂದು ಕ್ಯಾನನ್ನು ಇಸಿದುಕೊಂಡು, ಅವನನ್ನು ಕಂಬಳಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ತುಂಬಿದ ಕ್ಯಾನಿನೊಂದಿಗೇ ಬೀಳ್ಕೊಟ್ಟ. ಎರಡನೆಯ ಮನೆಯಲ್ಲೂ ಹಾಗೆಯೇ ಆಯಿತು. ಮೂರನೆಯ ಮನೆಗೆ ಅವನು ಹೋಗಲಿಲ್ಲ. ಹೆಂಡತಿ ಆ ಹಾಲಿಗೆ ಹೆಪ್ಪು ಹಾಕಿದಳು. ಮೊಸರಾಯಿತು, ಮಜ್ಜಿಗೆಯಾಯಿತು. ಸಂಜೆ ಹಳೆಯ ಗೆಳೆಯರ ದಂಡು ಎಂದಿನಂತೆ ಕಟ್ಟೆಗೆ ಬಂದು ಅದನ್ನು ಕುಡಿದು, ಪೈಲ್ವಾನರ ಮನೆಯ ಮಜ್ಜಿಗೆಯ ರುಚಿಯೇ ಬೇರೆ ಎಂದು ಹೊಗಳಿ ಹೋಯಿತು.

ಅವರಲ್ಲಿ ಯಾರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಚಿಂತೆ ಇರಲಿಲ್ಲ, ಒಂದು ಪಟ್ಟು ಹಾಕಿ ಕೆಡವುತ್ತಿದ್ದ. ಕಾಲು ಮುಟ್ಟಿ ನಮಸ್ಕಾರ ಮಾಡುವವರಿಗೆ ಯಾವ ಪಟ್ಟು ಹಾಕುವುದು? ಅದನ್ನು ಉಸ್ತಾದ ಕಲಿಸಿರಲಿಲ್ಲ.

ಊರಿನಲ್ಲಿ ಯಾರ ಮದುವೆಯಾದರೂ ಅವನನ್ನು ಮುಂದೆ ಕೂರಿಸಿ ರುಮಾಲು ಸುತ್ತುತ್ತಿದ್ದರು. ರುಮಾಲು ಸುತ್ತಿಸಿಕೊಂಡವನು ಬರಿಗೈಯಲ್ಲಿ ಏಳುವಂತಿಲ್ಲ. ಇವನು ಬಾಯಿ ತೆರೆಯುವ ಮೊದಲೇ ಯಾರಾದರೂ ಅಭಿಮಾನದಿಂದ ಕೂಗುತ್ತಿದ್ದರು, ಪೈಲ್ವಾನರಿಂದ ಇಷ್ಟು ಉಡುಗೊರೆ ಎಂದು. ಆ ಕೂಗು ಅವನಿಗೆ ತೊಡೆ ತಟ್ಟಿದಂತೆ ಕೇಳುತ್ತಿತ್ತು. ಅವನು ಇಳಿಯುತ್ತಿದ್ದ. ಹೀಗೆ ಇಳಿದು ಇಳಿದು ಒಂದು ಎಮ್ಮೆ ಮಾರಿಹೋಯಿತು.

ಆ ದಿನ ಹೆಂಡತಿ ಅವನ ಮೊಣಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಾ ಕೇಳಿದಳು. ‘ನಿಮ್ಮ ಖುರಾಕು ಇಳಿಸಿದ್ರಿ. ಮನೀದು ಯಾವಾಗ ಇಳಿಸೋರು?’

‘ನನ್ನ ಮೈ ನನ್ನ ಮಾತು ಕೇಳ್ತದ. ಮಂದಿಗೆ ಹೆಂಗ ಹೇಳಲಿ? ಒಲ್ಲೆ ಅಂದ್ರ ಅವರ ಮುಖ ಸಣ್ಣದಾಗ್ತದ.’

‘ಅವರ ಮುಖ ಸಣ್ಣದಾಗಬಾರದು ಅಂತ ನಮ್ಮ ಕೊಟ್ಟಿಗೀನ ಸಣ್ಣದಾತು,’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಎಣ್ಣೆ ಆರುವವರೆಗೂ ಅವನ ಕಾಲನ್ನು ಮಡಿಲಿನಿಂದ ಇಳಿಸಲಿಲ್ಲ.

ನಾಗರ ಪಂಚಮಿ ಹತ್ತಿರ ಬಂತು. ಊರಿನ ಕುಸ್ತಿಗೆ ಅವನನ್ನು ಹಿರಿಯನೆಂದು ಕರೆದರು. ಗೆದ್ದವನಿಗೆ ಕೊಡುವ ಬೆಳ್ಳಿ ಕಡಗವನ್ನು ಪೈಲ್ವಾನನ ಹೆಸರಲ್ಲೇ ಸಾರುತ್ತಾರೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಸಾರಿದರೆ ಉಳಿದ ಎಮ್ಮೆ ಹೋದಂತೆ. ಅದು ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಆಗ ಆ ಹೆಣ್ಣುಮಗಳು ಒಂದು ಕೆಲಸ ಮಾಡಿದಳು. ಬಾಗಿಲು ಮುಚ್ಚಿ, ಸೆರಗು ಕಟ್ಟಿ, ಊರಿನ ಗೌಡನಂತೆ ಎದುರಿಗೆ ನಿಂತು ತೊಡೆ ತಟ್ಟಿದಳು. ‘ಪೈಲ್ವಾನ್ರ, ಈ ಸಲದ ಕಡಗ ನಿಮ್ಮದ!’ ಅವನು ‘ಒಲ್ಲೆ’ ಎನ್ನಬೇಕು. ಮೊದಲ ಸಲ ತುಟಿ ಮಾತ್ರ ಅಲುಗಿತು. ಅವಳು ಬಿಡಲಿಲ್ಲ. ಇನ್ನೊಮ್ಮೆ ಎಂದಳು, ಇನ್ನೂ ಜೋರಾಗಿ ಎಂದಳು. ಕೊನೆಗೆ ಕೊಟ್ಟಿಗೆಯ ಎಮ್ಮೆ ಬೆದರುವಷ್ಟು ಜೋರಾಗಿ ಬಂತು. ಇಬ್ಬರೂ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಪಂಚಮಿಯ ದಿನ ಕಣದ ಸುತ್ತ ಜಾಗವಿರಲಿಲ್ಲ. ಪೈಲ್ವಾನ ದಾರಿಯುದ್ದಕ್ಕೂ ಆ ಮಾತನ್ನೇ ಹೇಳಿಕೊಂಡು ಬಂದಿದ್ದ. ಗೌಡ ಮೈಕಿನ ಮುಂದೆ ನಿಂತು, ಗೆದ್ದವನಿಗೆ ನಮ್ಮ ಪೈಲ್ವಾನರಿಂದ ಬೆಳ್ಳಿ ಕಡಗ ಎಂದ. ಪೈಲ್ವಾನ ಎದ್ದ. ಬಾಳಿನಲ್ಲಿ ಅಷ್ಟು ದೊಡ್ಡ ಕುಸ್ತಿಯನ್ನು ಅವನು ಹಿಡಿದಿರಲಿಲ್ಲ.

‘ಒಲ್ಲೆ,’ ಎಂದ. ‘ನನ್ನ ಕೈಲೆ ಆಗೋದಿಲ್ಲ. ನನಗ ಉಳಿದಿದ್ದು ಒಂದ ಎಮ್ಮಿ.’

ಯಾರೋ ಒಬ್ಬ ನಕ್ಕ. ಎಲ್ಲರೂ ನಕ್ಕರು. ‘ನೋಡ್ರಿ ದೊಡ್ಡವರ ವಿನಯ, ಕೊಡೋ ಕೈ ತನ್ನನ್ನ ಹೆಂಗ ಮರೆಮಾಡ್ಕೊಳ್ತದ,’ ಎಂದು ಗೌಡ ಅವನಿಗೆ ಹಾರ ಹಾಕಿದ. ಚಪ್ಪಾಳೆ ನಿಲ್ಲಲೇ ಇಲ್ಲ. ಕಡಗದ ಜೊತೆಗೆ ಒಂದು ರುಮಾಲನ್ನೂ ಅವನ ಹೆಸರಿನಲ್ಲೇ ಸಾರಿದರು. ಪೈಲ್ವಾನ ಹಾರದೊಳಗೆ ತಲೆ ತಗ್ಗಿಸಿ ಕೂತ.

ಆ ವಾರದಲ್ಲಿ ಎಮ್ಮೆ ಹೋಯಿತು. ಹೆಂಡತಿ ಅದರ ಹಣೆಗೆ ಕುಂಕುಮ ಹಚ್ಚಿ, ಬೆನ್ನು ಸವರಿ ಕಳಿಸಿದಳು. ‘ನೀವು ಹೇಳಿದ್ದು ನನಗ ಕೇಳಿಸಿತು,’ ಎಂದಷ್ಟೇ ಗಂಡನಿಗೆ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಗದಿಗಯ್ಯನ ಕೈ ಯಾವಾಗಲೋ ನಿಂತಿತ್ತು.

‘ಬಾಯಿಬಿಟ್ಟು ಹೇಳಿದನಲ್ಲ, ಅಜ್ಜಾರೇ,’ ಎಂದ. ‘ಅಷ್ಟು ಮಂದಿಯಲ್ಲಿ ಒಬ್ಬನಿಗಾದರೂ ಕಿವಿ ಇರಲಿಲ್ಲವೇ?’

ಗುರುಗಳು ಮೊರವನ್ನು ಕೆಳಗಿಟ್ಟು ಅವನ ಬೆನ್ನ ಮೇಲೆ ಕೈಯಿಟ್ಟರು.

‘ಇವತ್ತು ಪಂಕ್ತಿಯಲ್ಲಿ ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದಾಗ, ನಿನಗೆ ಏನು ಕೇಳಿಸಿತು, ಗದಿಗಯ್ಯಾ?’